ಯಾವ ಓದಿಗೆ ಎಷ್ಟು ವರಮಾನ?



ಹತ್ತನೆಯ ತರಗತಿಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಉಚಿತ ವಾಚನಾಲಯದ ಮೇಜಿನ ಸುತ್ತ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಅವರೆಲ್ಲ ಪತ್ರಿಕೆ ಓದಲು ಬಂದವರಲ್ಲ. ಅಂಗಿಯ ಕಿಸೆಯಲ್ಲಿ ನಾಲ್ಕಾಗಿ ಮಡಿಸಿದ ಅಂಕಪಟ್ಟಿ, ಮನಸ್ಸಿನಲ್ಲಿ ಒಂದೇ ಪ್ರಶ್ನೆ. ಈ ಸಲ ಬಂದವರಲ್ಲಿ ಒಬ್ಬರು ಚಿತ್ತಾಪುರ ತಾಲೂಕಿನ ಗೌಂಡಿ. ಹದಿನಾಲ್ಕು ವರ್ಷಗಳಿಂದ ಲಿಂಗಂಪಲ್ಲಿ, ಗಚ್ಚಿಬೌಲಿಗಳಲ್ಲಿ ಗೋಡೆ ಏರಿಸುತ್ತ ಬಂದವರು. ಮಗ ಊರಿನಲ್ಲಿಯೇ ಅಜ್ಜಿಯ ಹತ್ತಿರ ಇದ್ದು ಓದಿ ಪಾಸಾಗಿದ್ದಾನೆ. ಕುರ್ಚಿ ಸರಿಸಿ ಕೊಟ್ಟರೂ ಅವರು ಕುಳಿತುಕೊಳ್ಳಲಿಲ್ಲ.

"ಅಣ್ಣಾರ, ನೀವು ಗಿರಣಿ ಲೆಕ್ಕ ಬರೆಯೋರು. ಯಾವ ಓದಿಗೆ ರೊಕ್ಕ ಜಾಸ್ತಿ ಅದ, ಅಷ್ಟು ಹೇಳ್ರಿ. ಊರಾಗ ಎರಡು ಎಕರೆ ಹೊಲ ಅದ. ಮಾರಿ ಓದಿಸ್ತೀನಿ" ಎಂದರು.

ಹೊಲ ಮಾರುವ ಯೋಚನೆ ಏಕೆ ಬಂತೆಂದು ವಿಚಾರಿಸಿದೆವು. ಅವರ ಊರಿನ ಹುಡುಗನೊಬ್ಬ ಕಂಪ್ಯೂಟರ್ ಎಂಜಿನಿಯರಿಂಗ್ ಓದಿ ಈ ಪಟ್ಟಣದಲ್ಲಿ ಕೆಲಸ ಹಿಡಿದಿದ್ದಾನೆ. ದೀಪಾವಳಿಗೆ ಸ್ವಂತ ಕಾರಿನಲ್ಲಿ ಊರಿಗೆ ಹೋಗಿದ್ದನಂತೆ. ಅಂದಿನಿಂದ ಆ ಓಣಿಯಲ್ಲಿ ಓದುವ ಮಕ್ಕಳಿರುವ ಮನೆಗಳಲ್ಲೆಲ್ಲ ಅದೇ ಮಾತು.

ನಾವು ಆಗ ಉತ್ತರ ಕೊಡಲಿಲ್ಲ. ಎಂಟು ದಿನದ ವಾಯಿದೆ ಕೇಳಿಕೊಂಡೆವು. ಹೊಲದ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳುವುದು ನಮಗೆ ಸರಿತೋರಲಿಲ್ಲ. ನಾವು ಮೆಟ್ರಿಕ್ ಮುಗಿಸಿ ಬೇಳೆ ಗಿರಣಿಯಲ್ಲಿ ಕೀರ್ದಿ ಬರೆಯುವವರೇ ಹೊರತು ಅರ್ಥಶಾಸ್ತ್ರದ ಪಂಡಿತರಲ್ಲ. ಆದರೆ ವಾಚನಾಲಯದ ಪುಸ್ತಕಗಳನ್ನು ತಿರುವಿ, ಹಿರಿಯರನ್ನು ಕೇಳಿ, ನಮ್ಮ ಕಸುಬಿನ ಲೆಕ್ಕದ ರೀತಿಯಲ್ಲಿ ಯೋಚಿಸಿದಾಗ ತಿಳಿದುಬಂದುದನ್ನು ಇಲ್ಲಿ ಬರೆದಿದ್ದೇವೆ. ಇದೇ ಪ್ರಶ್ನೆ ನಮ್ಮಲ್ಲಿ ಹಲವರ ಮನೆಯಲ್ಲಿ ಇರುವುದರಿಂದ ಎಲ್ಲರಿಗೂ ಪ್ರಯೋಜನವಾದೀತೆಂದು ನಂಬಿದ್ದೇವೆ.

ಈ ಪಟ್ಟಣ ಕಲಿಸಿದ ಪಾಠ

ಓದಿಗೂ ವರಮಾನಕ್ಕೂ ಇರುವ ಸಂಬಂಧವನ್ನು ತಿಳಿಯಲು ಹೈದರಾಬಾದಿನ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ನಮ್ಮ ಹಿರಿಯರ ಕಥೆಯೇ ಸಾಕು.

ನಿಜಾಮರ ಸಂಸ್ಥಾನದಲ್ಲಿ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಸೇರಿದ್ದವು. ಸಂಸ್ಥಾನದ ಜನರಲ್ಲಿ ಸುಮಾರು ಹತ್ತಕ್ಕೆ ಒಬ್ಬರು ಕನ್ನಡ ಮಾತನಾಡುವವರು. ಆದರೆ ಕಚೇರಿಯ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನ, ಕಾನೂನು ಮೊದಲಾದ ಪಾಠಗಳೆಲ್ಲ ಉರ್ದುವಿನಲ್ಲಿಯೇ ನಡೆಯುತ್ತಿದ್ದವು. ಹೀಗಾಗಿ ಕನ್ನಡ ಮಾತ್ರ ಓದಿದವನು ಎಷ್ಟೇ ಬುದ್ಧಿವಂತನಾದರೂ ಅವನ ವಿದ್ಯೆ ಊರಿನ ಗಡಿ ದಾಟುತ್ತಿರಲಿಲ್ಲ. ಉರ್ದು ಕಲಿತವನಿಗೆ ಕಚೇರಿ, ಕೋರ್ಟು, ಕಂದಾಯ ಇಲಾಖೆಗಳ ಬಾಗಿಲು ತೆರೆಯುತ್ತಿತ್ತು. ಒಂದೇ ಓಣಿಯ ಇಬ್ಬರು ಸಮಾನ ಬುದ್ಧಿಯ ಹುಡುಗರಲ್ಲಿ ಒಬ್ಬ ಸಂಬಳದವನಾಗುವುದು, ಇನ್ನೊಬ್ಬ ಸಾಲದವನಾಗುವುದು ಲಿಪಿಯೊಂದರ ಮೇಲೆ ನಿಂತಿತ್ತು.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಸಂಸ್ಥಾನವು ಭಾರತದಲ್ಲಿ ಸೇರಿತು. ವಿಶ್ವವಿದ್ಯಾನಿಲಯದ ಪಾಠಗಳು ಇಂಗ್ಲಿಷಿಗೆ ತಿರುಗಿದವು. 1956ನೆಯ ಇಸವಿ ನವೆಂಬರ್ 1ರಂದು ನಮ್ಮ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು. ಉರ್ದುವನ್ನೇ ನೆಚ್ಚಿಕೊಂಡಿದ್ದ ಗುಮಾಸ್ತರು ನಡುವಯಸ್ಸಿನಲ್ಲಿ ಇಂಗ್ಲಿಷ್ ಕಲಿಯಬೇಕಾಯಿತು. ಅವರ ತಲೆಯಲ್ಲಿದ್ದ ವಿದ್ಯೆ ಒಂದಕ್ಷರವೂ ಕಡಿಮೆಯಾಗಿರಲಿಲ್ಲ. ಅದನ್ನು ಕೇಳುವ ಧಣಿ ಬದಲಾಗಿದ್ದ, ಅಷ್ಟೆ. ಓದಿನ ಬೆಲೆ ಓದಿನೊಳಗೆ ಮಾತ್ರ ಇಲ್ಲ, ಅದನ್ನು ಕೇಳುವವರ ಅಗತ್ಯದಲ್ಲಿಯೂ ಇದೆ ಎಂಬುದು ಈ ಕಥೆಯ ಮೊದಲನೆಯ ಪಾಠ.

ಇದಕ್ಕೆ ಶುಭವಾದ ಉದಾಹರಣೆಯೂ ಉಂಟು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಈ ಪಟ್ಟಣವನ್ನು ಹಾಳುಗೆಡವಿತು. ಮರುವರ್ಷ ನಿಜಾಮ ಸರ್ಕಾರವು ಕರೆಸಿಕೊಂಡದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಬೊಂಬಾಯಿ ಸರ್ಕಾರದಲ್ಲಿ ದುಡಿದಿದ್ದವರು. ಪ್ರವಾಹವನ್ನು ತಡೆಯಲು ಅವರು ಸೂಚಿಸಿದಂತೆ ಕಟ್ಟಿದ ಜಲಾಶಯಗಳಲ್ಲಿ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನೀರಿನ ವಿದ್ಯೆಯನ್ನು ಬಲ್ಲವರು ಕೆಲವರೇ. ಅದರ ಅಗತ್ಯವಾದರೋ ಇಡೀ ಪಟ್ಟಣಕ್ಕೆ. ಅಂಥ ವಿದ್ಯೆಗೆ ಗೌರವವೂ ಬೆಲೆಯೂ ತಾವಾಗಿ ಬರುತ್ತವೆ.

ಕಾರ್ಖಾನೆ ಹೋದರೂ ಉಳಿದ ವಿದ್ಯೆ

ಕಚೇರಿಯ ಕಾಲದ ಮೇಲೆ ಕಾರ್ಖಾನೆಯ ಕಾಲ ಬಂತು. ಇಲ್ಲಿ ಆಲ್ವಿನ್ ಕಾರ್ಖಾನೆ 1942ರಲ್ಲಿ, ಪ್ರಾಗಾ ಟೂಲ್ಸ್ 1943ರಲ್ಲಿ ಹುಟ್ಟಿದವು. 1960ರ ದಶಕದಲ್ಲಿ ನಮ್ಮ ಲಿಂಗಂಪಲ್ಲಿಯ ಮಗ್ಗುಲಿನ ರಾಮಚಂದ್ರಾಪುರದಲ್ಲಿ ಬಿ.ಎಚ್.ಇ.ಎಲ್., ಬಾಲಾನಗರದ ಕಡೆ ಔಷಧಿಗಳ ಐ.ಡಿ.ಪಿ.ಎಲ್., 1967ರಲ್ಲಿ ಇ.ಸಿ.ಐ.ಎಲ್. ಬಂದವು. ಕೇಂದ್ರ ಸರ್ಕಾರವು 1950ರಲ್ಲಿಯೇ ಐ.ಟಿ.ಐ. ತರಬೇತಿಯನ್ನು ಆರಂಭಿಸಿತ್ತು, 1961ರಲ್ಲಿ ಅಪ್ರೆಂಟಿಸ್ ಕಾಯಿದೆಯೂ ಬಂದಿತ್ತು. ಆ ಕಾಲಕ್ಕೆ ಫಿಟ್ಟರ್, ಟರ್ನರ್, ವೆಲ್ಡರ್ ಕಲಿತು ಇಂಥ ಕಂಪನಿಗೆ ಸೇರಿದವನಿಗೆ ತಿಂಗಳ ಸಂಬಳದೊಡನೆ ವಸತಿ, ಔಷಧೋಪಚಾರ, ಭವಿಷ್ಯನಿಧಿ ದೊರಕುತ್ತಿದ್ದವು. ಬರಿಯ ಬಿ.ಎ. ಮುಗಿಸಿ ಅರ್ಜಿ ಹಿಡಿದು ತಿರುಗುವ ಅಣ್ಣನಿಗಿಂತ ಐ.ಟಿ.ಐ. ಮಾಡಿದ ತಮ್ಮ ಮೊದಲು ಮದುವೆಯಾದ ಸಂಗತಿಯನ್ನು ಹಿರಿಯರು ಇಂದಿಗೂ ನಗುತ್ತ ಹೇಳುತ್ತಾರೆ.

ಮುಂದೆ ಈ ಗಾಳಿಯೂ ತಿರುಗಿತು. ಬಿ.ಎಚ್.ಇ.ಎಲ್. ನಡೆಯುತ್ತಿದೆ, ಆದರೆ 1990ರ ದಶಕದಲ್ಲಿ ಆಲ್ವಿನ್ ವಿಭಾಗ ವಿಭಾಗವಾಗಿ ಕೈಬದಲಾಗಿ ಮುಚ್ಚಿತು, ಐ.ಡಿ.ಪಿ.ಎಲ್. ನಷ್ಟದಲ್ಲಿ ಮುಳುಗಿತು. ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಐ.ಡಿ.ಪಿ.ಎಲ್. ಕುಸಿದರೂ ಅಲ್ಲಿ ಬೆಳೆದ ರಸಾಯನಶಾಸ್ತ್ರದ ಕೆಲಸ ಕುಸಿಯಲಿಲ್ಲ. ಅಲ್ಲಿ ಕೆಲಸ ಮಾಡಿದ್ದ ಡಾ. ಕೆ. ಅಂಜಿ ರೆಡ್ಡಿಯವರು 1984ರಲ್ಲಿ ಡಾ. ರೆಡ್ಡೀಸ್ ಸಂಸ್ಥೆಯನ್ನು ಕಟ್ಟಿದರು. ಜೀಡಿಮೆಟ್ಲ, ಪಟಾನ್‌ಚೆರು, ಬಾಚುಪಲ್ಲಿಗಳ ಕಡೆ ಅನೇಕ ಔಷಧಿ ಕಾರ್ಖಾನೆಗಳು ಎದ್ದವು. ಒಂದು ಕಂಪನಿಯ ಒಂದು ಯಂತ್ರವನ್ನು ಮಾತ್ರ ಬಲ್ಲವನು ಕಂಪನಿಯೊಡನೆ ಮುಳುಗಿದ. ಹತ್ತು ಕಂಪನಿಗಳಿಗೆ ಬೇಕಾದ ವಿದ್ಯೆಯನ್ನು ಬಲ್ಲವನು ಈಜಿಕೊಂಡು ದಡ ಸೇರಿದ. ಇದು ಎರಡನೆಯ ಪಾಠ: ಒಬ್ಬನೇ ಧಣಿ ಕೇಳುವ ಓದಿಗಿಂತ ಹಲವರು ಕೇಳುವ ಓದು ಲೇಸು.

1998ರ ನವೆಂಬರಿನಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಕಟ್ಟಡ ಆರಂಭವಾದ ಮೇಲೆ ಕಂಪ್ಯೂಟರಿನ ಕಾಲ. ಗೌಂಡಿಯವರು ನೋಡಿದ ಕಾರು ಈ ಕಾಲದ ಫಲ.

ತೊಗರಿಯ ಮಾತು

ಹಾಗಾದರೆ ಎಲ್ಲರೂ ಕಂಪ್ಯೂಟರನ್ನೇ ಓದಬಾರದೇಕೆ? ಇದಕ್ಕೆ ಉತ್ತರವನ್ನು ಕಲಬುರಗಿಯವರಿಗೆ ಪುಸ್ತಕದಿಂದ ಹೇಳಬೇಕಾಗಿಲ್ಲ, ತೊಗರಿಯಿಂದಲೇ ಹೇಳಬಹುದು.

2015ರ ಕೊನೆಗೆ ತೊಗರಿಬೇಳೆ ಅಂಗಡಿಯಲ್ಲಿ ಕಿಲೋಗೆ ಸುಮಾರು 200 ರೂಪಾಯಿಗೆ ಏರಿತ್ತು. ನಮ್ಮ ಗಿರಣಿಯಲ್ಲಿ ಚೀಲ ಎಣಿಸುವಾಗ ಬಂಗಾರ ಎಣಿಸಿದಂತೆ ಎಣಿಸುತ್ತಿದ್ದೆವು. ಆ ಬೆಲೆಯನ್ನು ಕಂಡು ಮರುವರ್ಷ ದೇಶದ ರೈತರೆಲ್ಲ ತೊಗರಿಯನ್ನು ಬಿತ್ತಿದರು, ಮಳೆಯೂ ಒಲಿಯಿತು. ದೇಶದ ಫಸಲು ಹಿಂದಿನ ವರ್ಷದ ಸುಮಾರು 25 ಲಕ್ಷ ಟನ್ನಿನಿಂದ 48 ಲಕ್ಷ ಟನ್ನಿಗೆ ಹತ್ತಿರ ಹೋಯಿತು. ಸರ್ಕಾರದ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲ್ಲಿಗೆ 5,050 ರೂಪಾಯಿ ಇದ್ದರೆ ಮಾರುಕಟ್ಟೆಯಲ್ಲಿ ಅದಕ್ಕೂ ಕೆಳಗೆ ಇಳಿಯಿತು. ತೊಗರಿ ಕೆಟ್ಟಿರಲಿಲ್ಲ. ಹಿಂದಿನ ವರ್ಷದ ಬೆಲೆಯನ್ನು ನೋಡಿ ಎಲ್ಲರೂ ಒಮ್ಮೆಗೇ ಬಿತ್ತಿದ್ದೇ ಕಾರಣ.

ಓದು ಕೂಡ ಒಂದು ಬೆಳೆ. ವ್ಯತ್ಯಾಸವೇನೆಂದರೆ ತೊಗರಿ ಆರೇಳು ತಿಂಗಳಿಗೆ ಕೈಗೆ ಬರುತ್ತದೆ, ಎಂಜಿನಿಯರಿಂಗ್ ಬರುವುದು ಹತ್ತನೆಯ ತರಗತಿಯ ಮೇಲೆ ಆರು ವರ್ಷಕ್ಕೆ. ಇಂದಿನ ಸಂಬಳವನ್ನು ನೋಡಿ ಇಂದು ಬಿತ್ತಿದವನು ಮಾರುಕಟ್ಟೆಗೆ ಹೋಗುವುದು ಆರು ವರ್ಷದ ಮೇಲೆ. ಅವನ ಎಡಬಲಕ್ಕೆ ಅದೇ ವರ್ಷ ಬಿತ್ತಿದ ಲಕ್ಷಾಂತರ ಜನ ನಿಂತಿರುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ ಎಂಬವರು 1976ರಲ್ಲಿ ತಮ್ಮ ದೇಶದ ಎಂಜಿನಿಯರುಗಳ ಸಂಬಳ ಹೀಗೆಯೇ ಉಯ್ಯಾಲೆಯಂತೆ ಏರಿ ಇಳಿಯುವುದನ್ನು ತೋರಿಸಿಕೊಟ್ಟರು. ನಮ್ಮ ಕಣ್ಣೆದುರಿಗೂ ಅದು ನಡೆದಿದೆ. 2014ರಲ್ಲಿ ಎರಡು ರಾಜ್ಯಗಳಾಗುವ ಮೊದಲು ಅವಿಭಜಿತ ಆಂಧ್ರಪ್ರದೇಶದಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಆರುನೂರನ್ನು ಮೀರಿದ್ದವು. ಮುಂದೆ ಸೀಟು ತುಂಬದೆ ಎಷ್ಟೋ ಕಾಲೇಜುಗಳು ಬಾಗಿಲು ಹಾಕಿದವು. ಆದರೆ ಅಲ್ಲಿ ಓದಿ ಹೊರಬಂದವರು ಕಳೆದ ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ.

ನಮ್ಮಂಥ ಸಣ್ಣ ಸಮುದಾಯದಲ್ಲಿ ಈ ಅಪಾಯ ಇನ್ನೂ ಹೆಚ್ಚು. ದೊಡ್ಡ ಪಟ್ಟಣದ ಮಗು ಹತ್ತು ಬಗೆಯ ಕಸುಬಿನವರನ್ನು ಕಾಣುತ್ತದೆ. ನಮ್ಮ ಓಣಿಯ ಮಗು ಕಾಣುವುದು ಒಬ್ಬ ಗೆದ್ದವನನ್ನು. ಎಲ್ಲರೂ ಅವನ ಹಿಂದೆಯೇ ಹೊರಡುತ್ತಾರೆ. ಮೊದಲನೆಯವನಿಗೆ ಒದಗಿದ ಗಿರಾಕಿ ಹತ್ತನೆಯವನಿಗೆ ಒದಗುವುದಿಲ್ಲ. ಹುಲಿಯ ಬಣ್ಣಕ್ಕೆ ನರಿ ಮೈ ಸುಟ್ಟುಕೊಂಡ ಗಾದೆಯನ್ನು ಯಾರ ಮಕ್ಕಳಿಗೂ ಹೇಳಲು ನಮಗೆ ಮನಸ್ಸಿಲ್ಲ. ಆದರೆ ಹೊಲ ಮಾರುವ ಮುನ್ನ ಅದನ್ನು ತಂದೆಯಾದವನು ನೆನೆಯಬೇಕು.

ಸರಾಸರಿ ಯಾರ ಕಿಸೆಯಲ್ಲಿದೆ?

ಕಾಲೇಜುಗಳ ಜಾಹೀರಾತಿನಲ್ಲಿ ಸರಾಸರಿ ಸಂಬಳ ಇಷ್ಟು ಎಂದು ದಪ್ಪಕ್ಷರದಲ್ಲಿ ಅಚ್ಚುಮಾಡಿರುತ್ತಾರೆ. ಈ ಸರಾಸರಿಯನ್ನು ಒಂದು ಸಲ ಬಿಚ್ಚಿ ನೋಡೋಣ.

ಒಂದು ಓದು ಮುಗಿಸಿದ ಹತ್ತು ಮಂದಿ ಇದ್ದಾರೆನ್ನಿ. ಒಂಬತ್ತು ಮಂದಿಗೆ ತಿಂಗಳಿಗೆ 20,000 ರೂಪಾಯಿ, ಒಬ್ಬನಿಗೆ 2,20,000 ರೂಪಾಯಿ. ಒಂಬತ್ತು ಮಂದಿಯ ಒಟ್ಟು 1,80,000. ಅದಕ್ಕೆ ಹತ್ತನೆಯವನದು ಸೇರಿ 4,00,000. ಹತ್ತರಿಂದ ಭಾಗಿಸಿದರೆ ಸರಾಸರಿ 40,000. ಈ ನಲವತ್ತು ಸಾವಿರ ಹತ್ತು ಮಂದಿಯಲ್ಲಿ ಯಾರ ಕಿಸೆಯಲ್ಲಿಯೂ ಇಲ್ಲ! ಅದರ ಬದಲು ಹತ್ತು ಮಂದಿಯನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ, ನಡುವೆ ನಿಂತವನನ್ನು "ನಿನಗೆಷ್ಟಪ್ಪ?" ಎಂದು ಕೇಳಿದರೆ 20,000 ಎಂದಾನು. ನಿಮ್ಮ ಮಗನಿಗೆ ಬರುವ ಸಂಭವ ಹೆಚ್ಚಾಗಿರುವುದು ಆ ನಡುವಿನವನ ಸಂಬಳ.

ಜನ ಕಡಿಮೆಯಿದ್ದಷ್ಟೂ ಈ ಮೋಸ ದೊಡ್ಡದು. ಸಾವಿರ ಜನರ ನಡುವೆ ಒಬ್ಬನ ದೊಡ್ಡ ಸಂಬಳ ಕರಗಿಹೋಗುತ್ತದೆ; ಹತ್ತು ಜನರ ನಡುವೆ ಅದೇ ಎದ್ದು ಕುಣಿಯುತ್ತದೆ. ಅಲ್ಲದೆ ರಾಜ್ಯೋತ್ಸವದ ವೇದಿಕೆಗೆ ನಾವು ಕರೆದು ಶಾಲು ಹೊದಿಸುವುದು ಗೆದ್ದವರಿಗೆ. ಅದೇ ಓದನ್ನು ಓದಿ ಮೂರು ವರ್ಷ ಮನೆಯಲ್ಲಿ ಕುಳಿತವರು ಸಭೆಗೇ ಬರುವುದಿಲ್ಲ. ಬಾರದವರನ್ನು ಲೆಕ್ಕಕ್ಕೆ ಹಿಡಿಯದೆ ಮಾಡಿದ ಲೆಕ್ಕ, ಸಾಲವನ್ನು ಬರೆಯದೆ ಜಮೆಯನ್ನು ಮಾತ್ರ ಬರೆದ ಖಾತೆಯಂತೆ.

ಖರ್ಚು-ಜಮೆ

ಇನ್ನು ಖಾತೆಯನ್ನೇ ತೆರೆಯೋಣ. ಇಲ್ಲಿಯ ಅಂಕಿಗಳು ಲೆಕ್ಕದ ಸುಲಭಕ್ಕೆ ಹಿಡಿದವು. ನಿಮ್ಮ ಮನೆಯ ಅಂಕಿಗಳನ್ನು ಹಾಕಿಕೊಂಡು ನೀವೇ ಮಾಡಬಹುದು.

ಹತ್ತನೆಯ ತರಗತಿ ಮುಗಿಸಿದ ಇಬ್ಬರು ಗೆಳೆಯರು. ಮೊದಲನೆಯವನು ಎರಡು ವರ್ಷದ ಐ.ಟಿ.ಐ. ಮಾಡಿದ; ಖರ್ಚು 30,000 ರೂಪಾಯಿ. ಮುಂದಿನ ನಾಲ್ಕು ವರ್ಷ ತಿಂಗಳಿಗೆ 14,000ದಂತೆ ದುಡಿದು 6,72,000 ಸಂಪಾದಿಸಿದ. ಖರ್ಚು ಕಳೆದು ಆರನೆಯ ವರ್ಷದ ಕೊನೆಗೆ 6,42,000 ಜಮೆ. ಎರಡನೆಯವನು ಎರಡು ವರ್ಷ ಪಿ.ಯು.ಸಿ., ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ. ಖರ್ಚು 5,00,000, ದುಡಿಮೆ ಇಲ್ಲ. ಆರನೆಯ ವರ್ಷದ ಕೊನೆಗೆ ಇಬ್ಬರ ನಡುವಣ ಅಂತರ 11,42,000 ರೂಪಾಯಿ.

ಈಗ ಏಳನೆಯ ವರ್ಷ. ಐ.ಟಿ.ಐ. ಹುಡುಗನ ಸಂಬಳ 18,000 ಆಗಿದೆ ಎನ್ನಿ. ಎಂಜಿನಿಯರನಿಗೆ 40,000ದ ಕೆಲಸ ಸಿಕ್ಕರೆ ವರ್ಷಕ್ಕೆ 2,64,000 ಹೆಚ್ಚು ಬಂದು, ನಾಲ್ಕು ವರ್ಷ ನಾಲ್ಕು ತಿಂಗಳಿಗೆ ಅಂತರ ತುಂಬುತ್ತದೆ. ಅಲ್ಲಿಂದ ಮುಂದೆ ಅವನದೇ ಲಾಭ. ಆ ಲಾಭ ದೊಡ್ಡದು, ಅಲ್ಲಗಳೆಯುವಂತಿಲ್ಲ. 25,000ದ ಕೆಲಸ ಸಿಕ್ಕರೆ ವರ್ಷಕ್ಕೆ 84,000 ಮಾತ್ರ ಹೆಚ್ಚು. ಅಂತರ ತುಂಬಲು ಸುಮಾರು ಹದಿಮೂರೂವರೆ ವರ್ಷ ಬೇಕು. 18,000ದ ಕೆಲಸವೇ ಸಿಕ್ಕರೆ ಅದು ಎಂದಿಗೂ ತುಂಬುವುದಿಲ್ಲ. ಇದರಲ್ಲಿ ಸಾಲದ ಬಡ್ಡಿಯನ್ನು ನಾವು ಹಿಡಿದಿಲ್ಲ. ಮಾರಿದ ಹೊಲದ ಬೆಳೆಯನ್ನೂ ಹಿಡಿದಿಲ್ಲ.

ಆದುದರಿಂದ ಎಂಜಿನಿಯರಿಂಗ್ ಮೇಲೋ ಐ.ಟಿ.ಐ. ಮೇಲೋ ಎಂಬ ಪ್ರಶ್ನೆಯೇ ಸರಿಯಲ್ಲ. ಈ ಹುಡುಗ, ಈ ಕಾಲೇಜಿನಲ್ಲಿ ಓದಿದರೆ, ಮೂರರಲ್ಲಿ ಯಾವ ಕೆಲಸ ಸಿಕ್ಕುವ ಸಂಭವ ಹೆಚ್ಚು ಎಂಬುದೇ ಪ್ರಶ್ನೆ. ಗಣಿತದಲ್ಲಿ ಆಸಕ್ತಿಯಿದ್ದು ಸರ್ಕಾರಿ ಕಾಲೇಜಿನ ಸೀಟು ದೊರೆತ ಹುಡುಗನಿಗೂ, ಹಣ ಕೊಟ್ಟು ಹೆಸರಿಲ್ಲದ ಕಾಲೇಜಿಗೆ ಸೇರಿದ ಹುಡುಗನಿಗೂ ಪದವಿಯ ಹೆಸರು ಒಂದೇ, ಖಾತೆ ಬೇರೆ.

ಗೌಂಡಿಯ ಕೂಲಿ

ಸ್ಕಾಟ್ಲೆಂಡಿನ ಆಡಂ ಸ್ಮಿತ್ ಎಂಬ ಪ್ರಸಿದ್ಧ ಅರ್ಥಶಾಸ್ತ್ರಜ್ಞರು 1776ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಸುಬಿನಿಂದ ಕಸುಬಿಗೆ ಕೂಲಿ ಏಕೆ ಬೇರೆಯಾಗುತ್ತದೆ ಎಂಬುದಕ್ಕೆ ಐದು ಕಾರಣ ಕೊಟ್ಟಿದ್ದಾರೆ: ಕೆಲಸ ಹಿತವೋ ಕಷ್ಟವೋ, ಕಲಿಯಲು ಎಷ್ಟು ಖರ್ಚು, ಕೆಲಸ ವರ್ಷವಿಡೀ ಇರುತ್ತದೆಯೋ ಇಲ್ಲವೋ, ಕೆಲಸಗಾರನ ಮೇಲೆ ಎಷ್ಟು ನಂಬಿಕೆ ಇಡಬೇಕು, ಗೆಲ್ಲುವ ಸಂಭವ ಎಷ್ಟು. ಮೂರನೆಯ ಕಾರಣಕ್ಕೆ ಅವರು ತೆಗೆದುಕೊಂಡ ಉದಾಹರಣೆ ಗೌಂಡಿಯದೇ! ಹಿಮ ಬಿದ್ದಾಗ, ಹವೆ ಕೆಟ್ಟಾಗ ಗೌಂಡಿಗೆ ಕೆಲಸವಿಲ್ಲ. ಆದ್ದರಿಂದ ಕೆಲಸದ ದಿನದ ಕೂಲಿಯಲ್ಲಿ ಖಾಲಿ ದಿನಗಳ ಊಟವೂ ಸೇರಿರಬೇಕು ಎಂಬುದು ಅವರ ವಿವರಣೆ.

ಲಿಂಗಂಪಲ್ಲಿಯ ಅಡ್ಡಾದಲ್ಲಿ ಬೆಳಿಗ್ಗೆ ನಿಲ್ಲುವವರಿಗೆ ಇದು ಹೊಸ ಮಾತಲ್ಲ. ಮಳೆಗಾಲದಲ್ಲಿ ಹತ್ತು ಗಂಟೆಯವರೆಗೆ ನಿಂತು ಬುತ್ತಿಯನ್ನು ಹಾಗೆಯೇ ಹಿಂದಕ್ಕೆ ತಂದ ದಿನಗಳು ಎಲ್ಲರಿಗೂ ಗೊತ್ತು. ಓದನ್ನು ಆರಿಸುವಾಗಲೂ ಇದೇ ನಿಯಮ. ತಿಂಗಳಿಗೆ ಎಷ್ಟು ಎಂದು ಮಾತ್ರ ಕೇಳಬಾರದು. ವರ್ಷದಲ್ಲಿ ಎಷ್ಟು ತಿಂಗಳು, ಎಷ್ಟು ವಯಸ್ಸಿನವರೆಗೆ, ಕಾಯಿಲೆ ಬಿದ್ದರೆ ಏನು ಎಂಬುದನ್ನೂ ಕೇಳಬೇಕು. ದೊಡ್ಡ ಸಂಬಳದ ಒಂದು ವರ್ಷದ ಗುತ್ತಿಗೆ ಕೆಲಸಕ್ಕಿಂತ, ಸಣ್ಣ ಸಂಬಳದ ಖಾಯಂ ಕೆಲಸ ಎಷ್ಟೋ ಮನೆಗಳನ್ನು ನಿಲ್ಲಿಸಿದೆ.

ಎಲ್ಲಿ ಓದಿದರು ಎಂಬುದೂ ಲೆಕ್ಕವೇ

ಊರು ಬಿಟ್ಟು ಬಂದ ನಮ್ಮಂಥವರು ಮರೆಯಬಾರದ ಇನ್ನೊಂದು ಅಂಶವಿದೆ. ಏನು ಓದಿದರು ಎಂಬಷ್ಟೇ ಎಲ್ಲಿ ಓದಿದರು ಎಂಬುದೂ ಮುಖ್ಯ.

ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಬಂದು, 2013ರಿಂದ ನಮ್ಮ ಕಡೆಯ ಜಿಲ್ಲೆಗಳ ಸ್ಥಳೀಯರಿಗೆ ಕರ್ನಾಟಕದಲ್ಲಿ ಸೀಟು ಮತ್ತು ನೌಕರಿಗಳಲ್ಲಿ ಮೀಸಲು ಇದೆ. 2019ರಲ್ಲಿ ಈ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ಇತ್ತ ತೆಲಂಗಾಣದಲ್ಲಿ 371(ಡಿ) ವಿಧಿಯ ಪ್ರಕಾರ, ಮಗು ಯಾವ ತರಗತಿಗಳನ್ನು ಎಲ್ಲಿ ಓದಿತು ಎಂಬುದರ ಮೇಲೆ ಸ್ಥಳೀಯತೆ ನಿಂತಿದೆ. ಅಲ್ಲಿ ನಾಲ್ಕು ವರ್ಷ, ಇಲ್ಲಿ ಮೂರು ವರ್ಷ ಎಂದು ಕೆಲಸದ ಹಿಂದೆ ಮಕ್ಕಳನ್ನು ಎಳೆದುಕೊಂಡು ತಿರುಗಿದರೆ ಎರಡು ಕಡೆಯೂ ಹೊರಗಿನವರಾಗುವ ಅಪಾಯವುಂಟು. ಆದ್ದರಿಂದ ಪ್ರತಿ ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು ಜೋಪಾನವಾಗಿ ಇಡಿರಿ. ಶಾಲೆ ಬಿಡಿಸುವ ಮೊದಲು ನಿಯಮವನ್ನು ತಾಲೂಕು ಕಚೇರಿಯಲ್ಲಿ ಕೇಳಿಕೊಳ್ಳಿರಿ.

ಪ್ರಮಾಣಪತ್ರದ ಮಾತು ಬಂದಾಗ ನಮ್ಮ ಅನುಭವವನ್ನೂ ಹೇಳಬೇಕು. ಮೆಟ್ರಿಕ್ ಮುಗಿದ ಮೇಲೆ ನಾವು ಒಂದು ಕಂಪ್ಯೂಟರ್ ಕೇಂದ್ರಕ್ಕೆ ತಾಯಿಯ ಬೆಂಡೋಲೆಯ ಮೇಲೆ ತಂದ ಸಾಲದ ಹಣವನ್ನು ಕಟ್ಟಿದೆವು. ಹತ್ತು ತಿಂಗಳ ಮೇಲೆ ಬಣ್ಣದ ಪ್ರಮಾಣಪತ್ರ ಕೊಟ್ಟರು. ಅದನ್ನು ಹಿಡಿದು ಹೋದ ಕಚೇರಿಗಳಲ್ಲಿ ಅದಕ್ಕೆ ಯಾವ ಸರ್ಕಾರದ ಮಾನ್ಯತೆಯೂ ಇಲ್ಲವೆಂದು ತಿಳಿಯಿತು. ಬೆಂಡೋಲೆ ಬಿಡಿಸಲು ಎರಡು ವರ್ಷ ಹಿಡಿಯಿತು. ಮುಂದೆ 2017ರ ಜುಲೈ 1ರಂದು ಜಿ.ಎಸ್.ಟಿ. ತೆರಿಗೆ ಜಾರಿಗೆ ಬಂದಾಗ ಗಿರಣಿಗಳಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವವರಿಗಾಗಿ ಹುಡುಕಾಟ ಶುರುವಾಯಿತು. ಸಂಜೆ ಹೊತ್ತು ಸ್ನೇಹಿತರೊಬ್ಬರ ಬಳಿ ಟ್ಯಾಲಿ ಕಲಿತೆವು; ಕಾಗದ ಯಾವುದೂ ಇಲ್ಲ, ಕೆಲಸ ಮಾತ್ರ ಬರುತ್ತಿತ್ತು. ನಮ್ಮ ಪಗಾರ ಏರಿದ್ದು ಅದರಿಂದ. ಮೊದಲನೆಯದು ಕೇಳುವವರಿಲ್ಲದ ಕಾಗದ. ಎರಡನೆಯದು ಕಾಗದವಿಲ್ಲದಿದ್ದರೂ ಕೇಳುವವರಿದ್ದ ಕೆಲಸ.

ಕೇಳಬೇಕಾದ ಪ್ರಶ್ನೆಗಳು

ಇಷ್ಟನ್ನೆಲ್ಲ ಒಟ್ಟುಗೂಡಿಸಿ, ಫೀಸು ಕಟ್ಟುವ ಮುನ್ನ ಕೇಳಬೇಕಾದ ಆರು ಪ್ರಶ್ನೆಗಳನ್ನು ವಾಚನಾಲಯದ ಹಲಗೆಯ ಮೇಲೆ ಬರೆದು ಹಾಕಿದ್ದೇವೆ:

1. ಈ ಓದನ್ನು ಕೇಳುವ ಧಣಿಗಳು ಒಬ್ಬರೋ ಹಲವರೋ?
2. ಕಳೆದ ವರ್ಷ ಇದೇ ಕಾಲೇಜಿನಲ್ಲಿ ಮುಗಿಸಿದವರಲ್ಲಿ ನಡುವಿನವನ ಸಂಬಳ ಎಷ್ಟು? ಕೆಲಸ ಸಿಕ್ಕದವರು ಎಷ್ಟು ಮಂದಿ?
3. ಒಟ್ಟು ಖರ್ಚು ಎಷ್ಟು, ದುಡಿಮೆಯಿಲ್ಲದ ವರ್ಷಗಳು ಎಷ್ಟು?
4. ನಡುವೆ ನಿಲ್ಲಿಸಬೇಕಾಗಿ ಬಂದರೆ ಕೈಯಲ್ಲಿ ಏನು ಉಳಿಯುತ್ತದೆ?
5. ಕಾಲೇಜಿಗೆ ಸರ್ಕಾರದ ಮಾನ್ಯತೆ ಇದೆಯೇ? ಮಗು ಯಾವ ರಾಜ್ಯಕ್ಕೆ ಸ್ಥಳೀಯ?
6. ಮಗುವಿಗೆ ಆ ಓದಿನಲ್ಲಿ ಮನಸ್ಸಿದೆಯೇ?

ಆರನೆಯದನ್ನು ಕೊನೆಗೆ ಬರೆದುದು ಅದು ಕಡೆಯದೆಂದಲ್ಲ. ಮನಸ್ಸಿಲ್ಲದವನು ನಡುವಿನವನಿಗಿಂತ ಕೆಳಗೆ ನಿಲ್ಲುವುದು ಹೆಚ್ಚು. ಆಗ ಮೇಲಿನ ಲೆಕ್ಕವೆಲ್ಲ ತಪ್ಪುತ್ತದೆ.

ಎಂಟು ದಿನದ ಮೇಲೆ ಗೌಂಡಿಯವರು ಬಂದರು. ಈ ಸಲ ಮಗನನ್ನೂ ಕರೆತಂದಿದ್ದರು. ಹುಡುಗನನ್ನು ಕೇಳಿದೆವು. ತಂದೆಯ ಮುಖವನ್ನು ನೋಡಿ, ಸ್ವಲ್ಪ ತಡೆದು, ಊರಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ ಜೋಡಿಸುವುದು ತನಗೆ ಇಷ್ಟವೆಂದ. ಕಂಪ್ಯೂಟರನ್ನು ಅವನು ಮುಟ್ಟಿದ್ದೇ ಕಡಿಮೆ. ನಮಗೆ ತೋರಿದ್ದನ್ನು ಹೇಳಿದೆವು: ಅವನು ಓದಿದ್ದೆಲ್ಲ ಕರ್ನಾಟಕದಲ್ಲಿ, ಅಲ್ಲಿ ಪಾಲಿಟೆಕ್ನಿಕ್ ಸೀಟನ್ನು ಹತ್ತನೆಯ ತರಗತಿಯ ಅಂಕಗಳ ಮೇಲೆಯೇ ಕೊಡುತ್ತಾರೆ, ಕಲಬುರಗಿಯಲ್ಲಿಯೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಮೂರು ವರ್ಷದ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದರೆ ಕೆಲಸಕ್ಕೆ ಸೇರಬಹುದು. ಇಲ್ಲವೇ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಹೋಗಬಹುದು. ನಡುವೆ ಒಂದು ಮೆಟ್ಟಿಲು ಇರುವ ದಾರಿ ಇದು. ಹೊಲಕ್ಕೆ ಈಗ ಕೈ ಹಚ್ಚಬೇಕಾಗಿಲ್ಲ.

"ಹಂಗಾದ್ರ ಹೊಲ ಇರ್ಲಿ ಬಿಡ್ರಿ" ಎಂದು ಅವರು ಅಂದು ಮೊದಲ ಸಲ ಕುರ್ಚಿಯ ಮೇಲೆ ಕುಳಿತರು. ಇದೇ ಸರಿಯಾದ ದಾರಿ ಎಂದು ನಾವು ಮುಚ್ಚಳಿಕೆ ಬರೆದುಕೊಡಲಾರೆವು. ಮೂರು ವರ್ಷದ ಮೇಲೆ ಕಾಲವೇ ಹೇಳಬೇಕು.

ಹೊರಡುವಾಗ ನಾವೇ ಕೇಳಿದೆವು, ಬೇರೆ ಮಕ್ಕಳು ಇದ್ದಾರೆಯೇ ಎಂದು. ಮಗಳೊಬ್ಬಳು ಇದ್ದಾಳೆ, ಇಲ್ಲಿಯೇ ತಂದೆತಾಯಿಗಳ ಜೊತೆ, ಒಂದನೆಯ ತರಗತಿಯಿಂದ ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಾಳೆ, ಈಗ ಒಂಬತ್ತನೆಯ ತರಗತಿ. ತೆಲುಗು, ಹಿಂದಿ, ಕನ್ನಡ ಮೂರೂ ಬರುತ್ತವೆ. ಲೆಕ್ಕದಲ್ಲಿ ಅಣ್ಣನಿಗಿಂತ ಮುಂದೆ. ಅವಳ ಓದಿನ ವಿಷಯ ಅವರು ಎರಡು ಸಲವೂ ಎತ್ತಿರಲಿಲ್ಲ. ಅವಳು ತೆಲಂಗಾಣಕ್ಕೆ ಸ್ಥಳೀಯಳು. ಮೂರು ಭಾಷೆ ಬಲ್ಲ ನರ್ಸು, ಲ್ಯಾಬ್ ಟೆಕ್ನಿಷಿಯನ್ನು, ಲೆಕ್ಕದವಳು ಈ ಪಟ್ಟಣದಲ್ಲಿ ಹಲವು ಧಣಿಗಳಿಗೆ ಬೇಕಾದವಳು. ಅವಳಿಗೂ ಒಂದು ಖಾತೆ ತೆರೆಯಿರೆಂದು ಹೇಳಿದೆವು. ಮುಂದಿನ ಭಾನುವಾರ ಕರೆತರುತ್ತೇನೆಂದು ಒಪ್ಪಿಕೊಂಡಿದ್ದಾರೆ.

ಕಡೆಗೆ ಒಂದು ವಿಜ್ಞಾಪನೆ. ನಮ್ಮ ಸಣ್ಣ ಸಮುದಾಯಕ್ಕೆ ಕೊರತೆ ಇರುವುದು ಬುದ್ಧಿಗಲ್ಲ, ಸರಿಯಾದ ಸುದ್ದಿಗೆ. ಅದಕ್ಕಾಗಿ ವಾಚನಾಲಯದ ಮೇಜಿನ ಮೇಲೆ ಒಂದು ರಿಜಿಸ್ಟರು ಇಟ್ಟಿದ್ದೇವೆ. ಏನು ಓದಿದಿರಿ, ಒಟ್ಟು ಎಷ್ಟು ಖರ್ಚಾಯಿತು, ಎಷ್ಟು ತಿಂಗಳಿಗೆ ಮೊದಲ ಕೆಲಸ ಸಿಕ್ಕಿತು, ಮೊದಲ ಪಗಾರ ಎಷ್ಟು, ಈಗ ಎಷ್ಟು: ಇವಿಷ್ಟನ್ನು ಬರೆಯಿರಿ. ಹೆಸರು ಬೇಡ, ಸಹಿ ಬೇಡ. ಕೆಲಸ ಸಿಕ್ಕದವರೂ ದಯವಿಟ್ಟು ಬರೆಯಬೇಕು. ಅವರು ಬರೆದ ಸಾಲೇ ಇನ್ನೊಬ್ಬರ ಹೊಲವನ್ನು ಉಳಿಸೀತು. ಬರೆಯಲು ಬಾರದವರು ಹೇಳಿದರೆ ನಾವು ಬರೆದುಕೊಳ್ಳುತ್ತೇವೆ. ಸಂಜೆ ಏಳರಿಂದ ಒಂಬತ್ತರವರೆಗೆ, ಭಾನುವಾರ ಬೆಳಿಗ್ಗೆಯೂ ನಾವು ಅಲ್ಲಿರುತ್ತೇವೆ.